ಜೋಶಿಯವರು ಏಳು–ಸೊನ್ನೆ ಸೋತದ್ದು

ಸುಳ್ಳು ಹೇಳಿದರೆ ಪಾಪ ಬರುತ್ತದೆ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಸುಮ್ಮನೆ ನಕ್ಕರೆ ಏನು ಬರುತ್ತದೆ ಎಂದು ಯಾವ ಹಿರಿಯನೂ ಹೇಳಿಲ್ಲ. ಹೇಳಿದ್ದರೆ ಬೈಲಹೊಂಗಲದ ದಿಗಂಬರ ಜೋಶಿಯವರು ಆ ದಿನ ಬಸ್ಸಿನಲ್ಲಿ ತುಟಿ ಬಿಗಿಹಿಡಿದು ಕೂಡುತ್ತಿದ್ದರು, ಈ ಕಥೆ ಹುಟ್ಟುತ್ತಲೇ ಇರಲಿಲ್ಲ.

ಜೋಶಿಯವರು ತಹಶೀಲ್ದಾರ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಮೂವತ್ತು ವರ್ಷಗಳಿಂದ ಅರ್ಜಿ ಬರೆಯುವವರು. ಅವರ ಅಜ್ಜ ಲಗ್ನದ ಮುಹೂರ್ತ ಬರೆದುಕೊಡುತ್ತಿದ್ದರು, ಇವರು ರೇಶನ್ ಕಾರ್ಡಿನ ಅರ್ಜಿ ಬರೆದುಕೊಡುತ್ತಾರೆ. ಬರೆಸಿಕೊಂಡವರು ಕಾಯುವುದು ಮಾತ್ರ ಆಗಲೂ ತಪ್ಪಿರಲಿಲ್ಲ, ಈಗಲೂ ತಪ್ಪಿಲ್ಲ. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರಿಂದ ಮಗಳು ಸುಚೇತಾಳನ್ನು ಬೆಳೆಸಿದವರು ಜೋಶಿಯವರ ತಾಯಿ ಭಾಗೀರಥಿಬಾಯಿ. ಆ ಮಗಳು ಈಗ ಹುಬ್ಬಳ್ಳಿಯಲ್ಲಿದ್ದಾಳೆ. ಪೂಲ್ ಆಡುವುದೇ ಅವಳ ಉದ್ಯೋಗ. ಪೂಲ್ ಎಂದರೆ ಬಟ್ಟೆ ಹೊದಿಸಿದ ದೊಡ್ಡ ಮೇಜಿನ ಮೇಲೆ ಬಿಳಿ ಚೆಂಡಿಗೆ ಕೋಲಿನಿಂದ ಹೊಡೆದು, ಅದರಿಂದ ಬಣ್ಣದ ಚೆಂಡುಗಳನ್ನು ಅಂಚಿನ ತೂತುಗಳಿಗೆ ಬೀಳಿಸುವ ಆಟ. ಅವಳು ಅದನ್ನು ಕಲಿಸುತ್ತಾಳೆ, ಊರೂರು ತಿರುಗಿ ಆಡುತ್ತಾಳೆ.

ಅವಳ ಆಟದ ಕೋಲಿನ ತುದಿ ಸವೆದು ಬೆಳಗಾವಿಯಲ್ಲಿ ರಿಪೇರಿಗೆ ಬಿದ್ದಿತ್ತು. ಅದನ್ನು ಬಿಡಿಸಿಕೊಂಡು ಬರುವ ಕೆಲಸ ಅಪ್ಪನಿಗೆ ಬಂತು. ಉದ್ದನೆಯ ಕರಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜೋಶಿಯವರು ಬಸ್ಸಿನಲ್ಲಿ ಕುಳಿತಿದ್ದಾಗ, ನೇಸರಗಿಯಲ್ಲಿ ಪರಿಚಯದವರೊಬ್ಬರು ಹತ್ತಿ ಪಕ್ಕಕ್ಕೆ ಕೂತರು.

"ಏನ್ರಿ ಜೋಶಿಯವರ, ಬಂದೂಕೇನ್ರಿ?"

"ಛೇ ಛೇ! ಪೂಲ್ ಆಡೂ ಕೋಲ್ರಿ. ಇದು ವೃತ್ತಿಪರ ಆಟಗಾರರದು."

"ಹೌದಾ? ಅಂದ್ರ ನೀವೂ ಆಡ್ತೀರಿ?"

ಆಗ ಜೋಶಿಯವರು ನಕ್ಕರು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಕಿಟಕಿಯ ಆಚೆ ನೋಡಿ ಮೆಲ್ಲಗೆ ನಕ್ಕರು. ಮೂವತ್ತು ವರ್ಷ ಇನ್ನೊಬ್ಬರ ಹೆಸರಿನಲ್ಲಿ ಅರ್ಜಿ ಬರೆದವರಿಗೆ ತಮ್ಮ ಬಗ್ಗೆ ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು ಎಂದು ಕಾಣುತ್ತದೆ.

ಆ ನಗು ಬಸ್ಸಿಗಿಂತ ಮೊದಲೇ ಊರು ಮುಟ್ಟಿತು. ಮರುದಿನ ಬೆಳಿಗ್ಗೆ, ಅದೇ ಬೇವಿನ ಗಿಡದ ಕೆಳಗೆ ಚಹಾ ಮಾರುವ ರಾಚವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಎದುರು ನಿಂತಳು.

"ಅಲ್ರೀ ಜೋಶಿಯವರ, ನೀವು ಕೋಲಿನ ಆಟದಾಗ ದೊಡ್ಡ ಪೈಲ್ವಾನ ಅಂತಲ್ರೀ? ಮೂವತ್ತು ವರ್ಷ ನನ್ನ ಚಾ ಕುಡದೀರಿ, ಬಾಯಿ ಬಿಟ್ಟು ಒಂದ ಮಾತು ಹೇಳ್ಲಿಲ್ಲ ನೋಡ್ರಿ!"

ಜೋಶಿಯವರು ಮತ್ತೆ ನಕ್ಕರು. ಮೊದಲನೆಯ ನಗುವಿಗೆ ಕ್ಷಮೆ ಉಂಟು. ಎರಡನೆಯದಕ್ಕೆ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ವೀರಪ್ಪನವರು ಕಾರು ತೆಗೆದುಕೊಂಡು ಬಂದರು. ಅವರ ತಂದೆಯ ಕಾಲದಲ್ಲಿ ಹತ್ತಿ ಅರೆಯುತ್ತಿದ್ದ ಜಿನ್ನಿಂಗ್ ಶೆಡ್ಡನ್ನು ವೀರಪ್ಪನವರು ಪೂಲ್ ಕ್ಲಬ್ಬು ಮಾಡಿದ್ದರು. ಬರುವ ವಾರ ಅಲ್ಲಿ ವೃತ್ತಿಪರರ ಪಂದ್ಯಾವಳಿ. ಗಂಡಸರು ಹೆಂಗಸರು ಬೇರೆ ಬೇರೆಯಲ್ಲ, ಎಲ್ಲರೂ ಒಂದೇ ಪಟ್ಟಿಯಲ್ಲಿ. ಪ್ರತಿ ಗುಂಪಿನ ಮೊದಲಿಗರಿಗೆ ಮುಂಬೈಯ ದೊಡ್ಡ ಪಂದ್ಯದಲ್ಲಿ ಆಡುವ ಅವಕಾಶ. ನಡೆಸುವ ಊರಿನವರಿಗೆಂದು ಒಂದು ಜಾಗ ಖಾಲಿ ಇಟ್ಟಿದ್ದರು.

"ಆ ಜಾಗಾ ತುಂಬಾಕ ಒಬ್ಬ ಮನಷ್ಯಾ ಸಿಗವಲ್ಲಾಗಿದ್ದ. ಮನಿ ಮುಂದ ಗಂಗೀನ ಇಟಗೊಂಡು ನೀರು ಹುಡುಕಿದಾಂಗ ಆಗಿತ್ತು ನೋಡ್ರಿ ನಂದು," ಎಂದರು ವೀರಪ್ಪನವರು. "ನಿಮ್ಮ ಹೆಸರು ಬರಸೇನಿ. ಊರಿನ ಮಾನ ನಿಮ್ಮ ಕೈಯಾಗೈತಿ. ಅಂದಂಗ, ಗಂಡಸೂರು ಹೆಣ್ಣಮಕ್ಕಳು ಕೂಡೇ ಆಡತಾರಲ್ರೀ, ಇದ್ರಾಗ ಯಾರು ಹೆಚ್ಚಿನವರ್ರೀ?"

ಇಲ್ಲಿ ಜೋಶಿಯವರು 'ನನಗೇನು ಗೊತ್ತು' ಎಂದಿದ್ದರೂ ಬಚಾವಾಗುತ್ತಿದ್ದರು. ಆದರೆ ಅವರು ಮಗಳ ಪಂದ್ಯಗಳನ್ನು ಮೊಬೈಲಿನಲ್ಲಿ ನಾಲ್ಕು ವರ್ಷ ನೋಡಿದ್ದರು. ತಿಳಿದಿರುವುದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅವರ ವಂಶದಲ್ಲೇ ಇರಲಿಲ್ಲ. ಕುರ್ಚಿಯಿಂದ ಎದ್ದು ನಿಂತು, ಅರ್ಜಿಯ ಧಾಟಿಯಲ್ಲೇ ಸುರುಮಾಡಿದರು.

"ಸದರಿ ಆಟದೊಳಗ ಸುರುವಾತಿನ ಹೊಡತ ಅಂತ ಒಂದ ಅದ. ಎಲ್ಲಾ ಚೆಂಡು ಚೆಲ್ಲಾಪಿಲ್ಲಿ ಆಗಬೇಕು. ಅದಕ್ಕ ರಟ್ಟಿ ಬೇಕು. ಗಂಡಸರ ಕೈ ಅಂದ್ರ ಗುದ್ದಲಿ ಕೈ, ಹೆಂಗಸರ ಕೈ ಅಂದ್ರ ಲಟ್ಟಣಿಗಿ ಕೈ. ಹೆಂಗಸರ ಆಟ ನೋಡಲಿಕ್ಕೆ ಚಂದ. ಗೆಲ್ಲೂದು ಮಾತ್ರ ಗಂಡಸರು. ಇದು ನಿಸರ್ಗದ ನಿಯಮ!"

"ನಿಮ್ಮದು ಯಾವ ಕೈರಿ?" ಎಂದಳು ರಾಚವ್ವ, ಚಹಾ ಸೋಸುತ್ತ. "ಮೂವತ್ತು ವರ್ಷ ಪೆನ್ನು ಬಿಟ್ಟು ಬ್ಯಾರೆ ಏನೂ ಎತ್ತಿದ್ದು ನಾ ಕಂಡಿಲ್ಲ."

ಯಾರೋ ಪುಣ್ಯಾತ್ಮರು ಈ ಭಾಷಣವನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ಅದು ಸವದತ್ತಿ, ರಾಮದುರ್ಗಗಳನ್ನು ಸುತ್ತಿ ಕಿತ್ತೂರಿಗೆ ಹೋಯಿತು. ಕಿತ್ತೂರಿಗೆ ಕೊಟ್ಟ ತಂಗಿ ರಂಜನಾ ಫೋನು ಮಾಡಿದಳು.

"ಅಣ್ಣಾ, ನೀ ನಿಂತು ಭಾಷಣ ಮಾಡಿದಿಯಲಾ, ಅಲ್ಲಿಂದ ರಾಣಿ ಚನ್ನಮ್ಮನ ಸಮಾಧಿ ಎಷ್ಟು ದೂರ ಅದ?"

"ನಡಕೋತ ಹೋಗೂ ಹಾದಿ. ಯಾಕ?"

"ಏನಿಲ್ಲ, ಸ್ವಲ್ಪ ಮೆಲ್ಲಕ ಮಾತಾಡಬೇಕಿತ್ತು."

ಅದರ ಹಿಂದೆಯೇ ಹುಬ್ಬಳ್ಳಿಯಿಂದ ಮಗಳ ಫೋನು ಬಂತು. ಸುಚೇತಾ ಸಿಟ್ಟಿಗೆದ್ದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ಅಪ್ಪಾ, ಪಂದ್ಯದ ಪಟ್ಟಿ ಬಂದದ. ನನ್ನ ಗುಂಪಿನಾಗ ದಿಗಂಬರ ಜೋಶಿ, ಬೈಲಹೊಂಗಲ ಅಂತ ಒಬ್ಬಾವ ಇದ್ದಾನ. ನಮ್ಮ ಊರಾಗ ಆ ಹೆಸರಿನವರು ಇನ್ನೊಬ್ಬರು ಅದಾರೇನು?"

ಜೋಶಿಯವರು ಫೋನು ಕೆಳಗಿಟ್ಟರು. ಈ ಸಲ ನಗು ಬರಲಿಲ್ಲ.

ಆ ಕೂಡಲೇ ಕುಳಿತು, ತಮ್ಮ ಜೀವಮಾನದಲ್ಲೇ ಮೊದಲ ಬಾರಿ ತಮಗಾಗಿ ಒಂದು ಅರ್ಜಿ ಬರೆದರು. 'ಮಾನ್ಯರೆ, ಸದರಿ ಪಂದ್ಯದಿಂದ ನನ್ನ ಹೆಸರು ಕಡಿಮೆ ಮಾಡಲು ವಿನಂತಿ.' ವೀರಪ್ಪನವರು ಅದನ್ನು ಓದಿ, ಮಡಚಿ, ವಾಪಸು ಅವರ ಜೇಬಿಗೇ ಇಟ್ಟರು. "ದೊಡ್ಡವರಿಗೆ ಈ ಸಂಕೋಚ ಇರೂದ. ಬಸ್‌ಸ್ಟ್ಯಾಂಡಿನ್ಯಾಗ ನಿಮ್ಮ ಆಳೆತ್ತರದ ಫೋಟೋ ನಿಲ್ಲಿಸೇನ್ರಿ. ಇನ್ನೇನೂ ಮಾಡಾಕ ಬರೂದಿಲ್ಲ."

ಗುಂಪಿನಲ್ಲಿ ನಾಲ್ವರು. ಮೊದಲ ದಿನ ಜೋಶಿಯವರಿಗೆ ರಾಮದುರ್ಗದ ಗೌತಮನ ಜೊತೆ ಆಟ. ಜೋಶಿಯವರು 'ಇಂದು ಏಕಾದಶಿ' ಎಂದು ಹೇಳಿ ಕಳಿಸಿ ಮನೆಯಲ್ಲೇ ಉಳಿದರು. ಎರಡನೆಯ ದಿನದ ಪಂದ್ಯಕ್ಕೆ 'ನಿನ್ನೆಯ ಉಪವಾಸದಿಂದ ಹೊಟ್ಟೆ ಸರಿಯಿಲ್ಲ' ಎಂದರು. ನಿಯಮದ ಪ್ರಕಾರ ಬಾರದವನು ಏಳು–ಸೊನ್ನೆಯಿಂದ ಸೋತಂತೆ. ಇದರಿಂದಲಾದರೂ ಜನ ಬುದ್ಧಿ ಕಲಿಯಬೇಕಿತ್ತು. ಆದರೆ ರಾಚವ್ವನ ಅಂಗಡಿಯಲ್ಲಿ ಬೇರೆಯೇ ತೀರ್ಮಾನವಾಯಿತು.

"ಸಣ್ಣವರ ಜೋಡಿ ಅವರು ಆಡೂದಿಲ್ಲಂತ. ಆ ಹುಡುಗನ ಮರ್ಯಾದಿ ಉಳಿಸಾಕ ಮನ್ಯಾಗ ಕುಂತ್ರಂತ."

"ಎಂಥಾ ದೊಡ್ಡ ಮನಸರಿ!"

ಮೂರನೆಯ ದಿನ ಬೆಳಿಗ್ಗೆ ಸುಚೇತಾ ಅಡಿಗೆಮನೆಯ ಹೊರಗೆ ಕುಳಿತು ಅವಲಕ್ಕಿ ತಿನ್ನುತ್ತಿದ್ದಳು. ಒಳಗೆ ಭಾಗೀರಥಿಬಾಯಿ ಮಡಿಯಲ್ಲಿ ಅಡಿಗೆ ಮಾಡುತ್ತಿದ್ದರು. ಅಪ್ಪ ಮಗಳು ಆಡಬೇಕಾದ ದಿನ ಅದು. ಜೋಶಿಯವರು ಕಂಬ ಸುತ್ತಿದರು, ಕೆಮ್ಮಿದರು, ಕೊನೆಗೆ ಪಿಸುಗುಟ್ಟಿದರು.

"ಸುಚೀ, ಏಳರಾಗ ಒಂದ ಸುತ್ತು ನನಗ ಬಿಟ್ಟುಕೊಡವಾ. ಒಂದ. ಊರಾಗ ತಲಿ ಎತ್ತಿ ತಿರಗಬೇಕಲಾ."

ಸುಚೇತಾ ತಟ್ಟೆ ಕೆಳಗಿಟ್ಟಳು. "ಅಪ್ಪಾ, ನಾನು ಗೌತಮಗ ಏಳು–ಆರು ಸೋತೇನಿ. ಅವ ನಾಲ್ಕನೇದವರಿಗೆ ಸೋತಾನ, ಇವತ್ತ ನಾ ಗೆದ್ರ ಇಬ್ಬರದೂ ಎರಡೆರಡು ಗೆಲುವು ಆಗಿ ಸುತ್ತು ಎಣಸತಾರ. ಅವನ್ನ ದಾಟಬೇಕಂದ್ರ ಇವತ್ತ ನಾನು ಏಳಕ್ಕ ಏಳೂ ಗೆಲ್ಲಬೇಕು. ಒಂದ ಸುತ್ತು ಹೋತಂದ್ರ ಮುಂಬೈಗೆ ಅವ ಹೋಗತಾನ, ನಾನಲ್ಲ. ಯಾಕ ಗೊತ್ತದ ಏನು? ನೀ ಏಕಾದಶಿ ಅಂತ ಮನ್ಯಾಗ ಕೂತಿ, ಅವಗ ಪುಕ್ಕಟ ಏಳು–ಸೊನ್ನಿ ಸಿಕ್ತು."

ಜೋಶಿಯವರ ಮುಖ ನೋಡುವಂತಿರಲಿಲ್ಲ. ಉಪವಾಸ ಮಾಡಿದ ಪುಣ್ಯ ರಾಮದುರ್ಗಕ್ಕೆ ಹೋದದ್ದು ಅವರಿಗೆ ಆಗಲೇ ತಿಳಿದದ್ದು.

ಒಳಗಿನಿಂದ ಅಜ್ಜಿಯ ದನಿ ಬಂತು. "ಸುಚೀ, ಎರಡು ನಿಂಬಿಹಣ್ಣು ಉಳ್ಳಸವಾ."

ಇದು ಆ ಮನೆಯ ಪದ್ಧತಿ. ಮಡಿಯಲ್ಲಿದ್ದ ಅಜ್ಜಿಯನ್ನು ಮುಟ್ಟುವಂತಿಲ್ಲ, ಹತ್ತಿರ ಸುಳಿಯುವಂತಿಲ್ಲ. ಬೇಕಾದ ಕಾಯಿ, ಹಣ್ಣುಗಳನ್ನು ಪಡಸಾಲೆಯ ಕಲ್ಲುಹಾಸಿನ ಮೇಲೆ ಉರುಳಿಸಬೇಕು. ಹೊಸ್ತಿಲ ಬಳಿಯ ರಂಗೋಲಿ ಗೆರೆಗೆ ಹೋಗಿ ಅವು ನಿಲ್ಲಬೇಕು. ಹಿಂದೆ ನಿಂತರೆ ಅಜ್ಜಿಗೆ ಎಟುಕುವುದಿಲ್ಲ, ಮುಂದೆ ಹೋದರೆ ಒಲೆಯ ಸಂದಿಗೆ. ಐದು ವರ್ಷದವಳಿದ್ದಾಗಿನಿಂದ ಸುಚೇತಾ ಉರುಳಿಸುತ್ತ ಬಂದಿದ್ದಳು. ನಿಂಬೆಹಣ್ಣು ನೆಟ್ಟಗೆ ಹೋಗುತ್ತದೆ, ಬದನೆಕಾಯಿ ಅಡ್ಡ ಹೊರಳುತ್ತದೆ, ತೆಂಗಿನಕಾಯಿ ಮನಸ್ಸಿಗೆ ಬಂದಲ್ಲಿ ನಿಲ್ಲುತ್ತದೆ. ಮೂರನ್ನೂ ಅವಳು ಪಳಗಿಸಿದ್ದಳು. ಪೂಲಿನಲ್ಲಿ ಹೊಡೆದ ಚೆಂಡು ಬೇಕಾದ ಜಾಗದಲ್ಲಿ ನಿಲ್ಲುವುದೇ ಅರ್ಧ ಆಟ ಎನ್ನುತ್ತಾರಲ್ಲ, ಅವಳು ಅದನ್ನು ಕಲಿತದ್ದು ಯಾವ ಕ್ಲಬ್ಬಿನಲ್ಲೂ ಅಲ್ಲ.

ನಿಂಬೆಹಣ್ಣೆರಡೂ ಗೆರೆಯ ಮೇಲೆ ಹೋಗಿ ನಿಂತವು.

"ಅಜ್ಜಿ, ನೀನೂ ಬಾ ಇವತ್ತ," ಎಂದಳು ಸುಚೇತಾ.

"ನಾ ಎಲ್ಲೆ ಬರಲಿ? ಆ ಮೇಜಿಗೆ ಹೊದಿಸಿದ್ದು ಎಂಥಾ ಅರಿವಿ?"

"ಉಣ್ಣೀದು."

"ಉಣ್ಣೀದು? ಅಂದ್ರ ಧಾಬಳಿ ಆತಲಾ!" ಅಜ್ಜಿಯ ದನಿಯಲ್ಲಿ ಗೌರವ ಮೂಡಿತು. ಧಾಬಳಿ ಎಂದರೆ ಮಡಿಗೆ ಉಡುವ ಉಣ್ಣೆ ವಸ್ತ್ರ, ಉಣ್ಣೆಗೆ ಮೈಲಿಗೆಯಿಲ್ಲ ಎನ್ನುವುದು ಆ ಮನೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿದ್ದ ಮಾತು. "ಹಂಗಿದ್ರ ಅದು ಸ್ವಚ್ಛ ಆಟ. ಬರತೇನಿ ನಡಿ."

ಶೆಡ್ಡಿನೊಳಗೆ ಕಾಲಿಡಲು ಜಾಗವಿರಲಿಲ್ಲ. ಸವದತ್ತಿಯಿಂದ ಚಿಕ್ಕಪ್ಪನ ಮಗ ಸಂಜೀವ, ಕಿತ್ತೂರಿನಿಂದ ರಂಜನಾ, ಚಚಡಿ, ಸಂಪಗಾಂವಗಳಿಂದ ಬಂಧುಬಳಗ. ಬರಿಯ ಮದುವೆಗೆ ಕರೆದಿದ್ದರೆ ಇಷ್ಟು ಜನ ಬರುತ್ತಿರಲಿಲ್ಲ. ಮೇಜಿನ ಪಕ್ಕದಲ್ಲೇ ಭಾಗೀರಥಿಬಾಯಿಗೆ ಕುರ್ಚಿ ಹಾಕಿದ್ದರು. ರೆಫರಿ ವಿರೂಪಾಕ್ಷ ಕೈಗೆ ಬಿಳಿ ಗ್ಲೌಸು ಹಾಕಿಕೊಂಡು ಚೆಂಡುಗಳನ್ನು ಜೋಡಿಸುತ್ತಿದ್ದ. ಅಜ್ಜಿ ಮೆಚ್ಚಿ ತಲೆದೂಗಿದರು. "ಈ ಹುಡುಗಗ ಮಡಿ ಗೊತ್ತದ."

ಆಟಕ್ಕೆ ಮೊದಲು ಸನ್ಮಾನ. ವೀರಪ್ಪನವರು ಊರಿನ ಹೆಮ್ಮೆಯ ಆಟಗಾರನಿಗೆ ಗೊಂಡೆ ಹಚ್ಚಿದ ಉಣ್ಣೆ ಶಾಲು ಹೊದಿಸಿ, ಹಾರ ಹಾಕಿ, "ಸಾಹೇಬ್ರ, ಶಾಲು ತಗೀಬ್ಯಾಡ್ರಿ, ಫೋಟೋ ಛಲೋ ಬರತಾವ," ಎಂದರು. ಜೋಶಿಯವರಿಗೆ ಇಂಥ ಶಾಲು ಇದೇ ಮೊದಲು. ಹಾರ ತೆಗೆದಿಟ್ಟರು, ಶಾಲು ತೆಗೆಯಲು ಮನಸ್ಸಾಗಲಿಲ್ಲ.

ಆಟದ ನಿಯಮ ಸರಳ. ಮೇಜಿನ ಮೇಲೆ ಒಂಬತ್ತು ಚೆಂಡು. ಕಡೆಯದಾದ ಒಂಬತ್ತನೆಯದನ್ನು ಯಾರು ತೂತಿಗೆ ಬೀಳಿಸುತ್ತಾರೋ ಆ ಸುತ್ತು ಅವರದು. ಸುತ್ತು ಗೆದ್ದವರೇ ಮುಂದಿನ ಸುತ್ತಿನ ಮೊದಲ ಹೊಡೆತ ಹೊಡೆಯುತ್ತಾರೆ, ಮೊದಲು ಏಳು ಸುತ್ತು ಗೆದ್ದವರು ಗೆದ್ದಂತೆ. ನಾಣ್ಯ ಚಿಮ್ಮಿದಾಗ ಮೊದಲ ಹೊಡೆತ ಜೋಶಿಯವರಿಗೆ ಬಂತು. ಗುದ್ದಲಿ ಕೈಯವರು ರಟ್ಟೆಯ ಬಲವನ್ನೆಲ್ಲ ಹಾಕಿ ಹೊಡೆದರು. ಬಿಳಿ ಚೆಂಡು ಉಳಿದ ಚೆಂಡುಗಳ ತಂಟೆಗೇ ಹೋಗದೆ, ಮೇಜಿನಿಂದ ಹಾರಿ, ಸಂಜೀವನ ಮಡಿಲಲ್ಲಿ ಬಿತ್ತು.

"ಎಂಥಾ ರಟ್ಟಿರಿ!" ಎಂದರು ಅಭಿಮಾನಿಗಳು.

ಆಮೇಲೆ ಸುಚೇತಾ ಎದ್ದಳು. ಅವಳು ಹೊಡೆಯುತ್ತಿದ್ದಳು ಎನ್ನುವುದಕ್ಕಿಂತ ಹೇಳಿ ಕಳಿಸುತ್ತಿದ್ದಳು ಎನ್ನಬೇಕು. ಬಣ್ಣದ ಚೆಂಡು ತೂತಿಗೆ ಹೋಗುತ್ತಿತ್ತು, ಬಿಳಿ ಚೆಂಡು ಮುಂದಿನ ಹೊಡೆತಕ್ಕೆ ಬೇಕಾದಲ್ಲಿ ಹೋಗಿ ನಿಲ್ಲುತ್ತಿತ್ತು. ಒಂದು ಸುತ್ತು, ಎರಡು, ಮೂರು. ಜೋಶಿಯವರು ಕೋಲು ಹಿಡಿದು ಕುರ್ಚಿಯಲ್ಲಿ ಕುಳಿತೇ ಇದ್ದರು. ನಾಲ್ಕನೆಯ ಸುತ್ತಿನ ಹೊತ್ತಿಗೆ ತಮ್ಮ ಸರದಿ ಬಾರದಿರಲಿ ಎಂದು ಮನಸ್ಸಿನಲ್ಲೇ ದೇವರಿಗೆ ಕೈಮುಗಿದರು. ಐದನೆಯದಕ್ಕೆ ಎಲ್ಲ ಮರೆತು, ಪಕ್ಕದವರ ಮೊಳಕೈ ತಿವಿದು, "ನೋಡ್ರಿ, ನೋಡ್ರಿ! ಹೆಂಗ ನಿಲ್ಲಿಸಿದಳು ನೋಡ್ರಿ!" ಎಂದರು.

ಆರು–ಸೊನ್ನೆ. ಏಳನೆಯ ಸುತ್ತಿನಲ್ಲಿ ಎಂಟು ಚೆಂಡು ಹೋಗಿ ಒಂಬತ್ತನೆಯದು ಮಾತ್ರ ಉಳಿದಿತ್ತು. ಸುಚೇತಾ ಬಗ್ಗಿ ಗುರಿ ಹಿಡಿದಳು, ಕೋಲು ಎಳೆದಳು. ಅಷ್ಟರಲ್ಲಿ ಸವದತ್ತಿಯ ಸಂಜೀವ ಸೀನಿದ. ಒಂಟಿ ಸೀನು! ಚೆಂಡು ತೂತಿನ ಬಾಯಿಗೆ ಬಡಿದು ವಾಪಸು ಬಂತು.

ಜೋಶಿಯವರ ಸರದಿ. ಮೇಜಿನ ಮೇಲೆ ಬಗ್ಗಿದರು, ಬಲ ಮೂಲೆಗೆ ಗುರಿ ಹಿಡಿದರು, ಕಣ್ಣು ಮುಚ್ಚಿ ಹೊಡೆದರು. ಬಿಳಿ ಚೆಂಡು ಮೇಜಿನ ಅಂಚಿನ ಒಂದು ಗೋಡೆಗೆ ಬಡಿಯಿತು, ಎದುರಿನ ಗೋಡೆಗೆ ಬಡಿಯಿತು, ಮೂರನೆಯ ಗೋಡೆಗೂ ಬಡಿದು ದಾರಿ ತಪ್ಪಿದ ಎಮ್ಮೆಯಂತೆ ತಿರುಗಿ ಬಂದು ಒಂಬತ್ತನೆಯದಕ್ಕೆ ಮೆಲ್ಲಗೆ ತಾಗಿತು. ಅದು ಎಡ ಮೂಲೆಯ ತೂತಿಗೆ ಹೋಗಿ ಬಿತ್ತು.

ಮಾಡಿನ ತಗಡು ಹಾರಿಹೋಗುವಂತೆ ಶೆಡ್ಡು ಗರ್ಜಿಸಿತು. "ಮೂರು ಗ್ವಾಡಿ! ಮೂರು ಗ್ವಾಡಿ ಸುತ್ತಿಸಿ ಹೊಡದ್ರು!" ವೀರಪ್ಪನವರು ಕುರ್ಚಿಯ ಮೇಲೆ ಹತ್ತಿದರು. ಯಾರೋ ಜೋಶಿಯವರನ್ನು ಹೆಗಲ ಮೇಲೆ ಹೊರಲು ಕೈ ಹಾಕಿದರು. ಗೌತಮನಂತೂ ಬಂದು ಕಾಲಿಗೇ ಬಿದ್ದ. ಬೀಳದೆ ಏನು, ಅವನ ಮುಂಬೈ ಟಿಕೀಟು ಆ ಚೆಂಡಿನಲ್ಲಿತ್ತು. ಸುಚೇತಾ ಮಾತ್ರ ತನ್ನ ಎರಡು ತುಂಡಿನ ಕೋಲನ್ನು ನಿಧಾನವಾಗಿ ಬಿಚ್ಚತೊಡಗಿದಳು.

"ತಾಗ್ಯದ!"

ಆ ಗದ್ದಲದಲ್ಲೂ ಎಲ್ಲರಿಗೂ ಕೇಳಿಸಿತು. ಭಾಗೀರಥಿಬಾಯಿ ಕುರ್ಚಿಯಿಂದ ಎದ್ದು ನಿಂತಿದ್ದರು.

"ದಿಗ್ಯಾ, ಹೊಡಿಯೂಕಿಂತ ಮೊದಲ ನಿನ್ನ ಶಾಲಿನ ಗೊಂಡೆ ಆ ಬಿಳಿ ಚೆಂಡಿಗೆ ತಾಗ್ಯದ. ನಾ ನೋಡೇನಿ."

ಚೆಂಡಿಗೆ ಬಟ್ಟೆ ತಾಗಿದರೆ ಅದು ತಪ್ಪು, ಆ ಹೊಡೆತ ಲೆಕ್ಕಕ್ಕಿಲ್ಲ. ವೀರಪ್ಪನವರು ಕುರ್ಚಿಯ ಮೇಲಿನಿಂದಲೇ ವಾದಕ್ಕೆ ಇಳಿದರು.

"ಅಜ್ಜೀ, ಅದು ಉಣ್ಣಿ ಶಾಲ್ರಿ. ಉಣ್ಣೀಗಿ ಮೈಲಿಗಿ ಇಲ್ಲ ಅಂತ ನೀವ ಹೇಳ್ತೀರೆಲ್ರೀ!"

"ಮೇಜಿನ ಅರಿವಿಗೆ ತಾಗಿದ್ರ ನಾ ಮಾತಾಡತಿದ್ದಿಲ್ಲಪಾ. ಚೆಂಡಿಗೆ ತಾಗ್ಯದ. ಚೆಂಡು ಎಲ್ಲೆ ಉಣ್ಣೀದದ?" ಎಂದರು ಅಜ್ಜಿ. "ಅರವತ್ತು ವರ್ಷ ಆ ಮನ್ಯಾಗ ನಾ ಏನು ನೋಡಕೋತ ಕೂತೇನಿ ಅಂತ ತಿಳದೀ? ಏನು ತಾಗ್ತು, ಏನು ತಾಗಲಿಲ್ಲ, ಇಷ್ಟ ನೋಡಿದ್ದು."

ಎಲ್ಲರೂ ರೆಫರಿಯನ್ನು ನೋಡಿದರು. ವಿರೂಪಾಕ್ಷ ಬೆವರು ಒರೆಸಿಕೊಂಡ.

"ನಾ ಆ ಕಡೆ ನಿಂತಿದ್ನಿರಿ, ನನಗ ಕಂಡಿಲ್ಲ. ನೋಡಾಕ ಬಂದವರ ಮಾತು ನಿಯಮದಾಗ ನಡಿಯೂದಿಲ್ಲ. ಆದ್ರ ಆಟಗಾರರು ತಾವ ಒಪ್ಪಿದ್ರ ತಪ್ಪು ತಪ್ಪ. ಜೋಶಿಯವರ, ನೀವ ಹೇಳ್ರಿ. ತಾಗೈತೇನ್ರಿ?"

ಜೋಶಿಯವರು ನಿಂತೇ ಇದ್ದರು. ಗೊಂಡೆ ಚೆಂಡನ್ನು ಸವರಿದ್ದು ಅವರಿಗೆ ಆಗಲೇ ಗೊತ್ತಾಗಿತ್ತು. ಆದರೆ ಐವತ್ತಾರು ವರ್ಷಗಳಲ್ಲಿ ಅವರಿಗಾಗಿ ಯಾರೂ ಕುರ್ಚಿಯ ಮೇಲೆ ಹತ್ತಿರಲಿಲ್ಲ. ಮೂರು ಗೋಡೆ ಸುತ್ತಿದ ಚೆಂಡು ಇಪ್ಪತ್ತು ಮೊಬೈಲಿನಲ್ಲಿ ಕುಳಿತಿತ್ತು. ಈಗ ಅವರು ಮಾಡಬೇಕಾದದ್ದು ಬಹಳವೇನಿಲ್ಲ. ಕಿಟಕಿಯ ಕಡೆ ನೋಡಿ ಮೆಲ್ಲಗೆ ನಕ್ಕರೆ ಸಾಕು.

ಅವರು ಕಿಟಕಿಯ ಕಡೆ ನೋಡಲಿಲ್ಲ, ಮಗಳ ಕಡೆ ನೋಡಿದರು. ಅರ್ಧ ಬಿಚ್ಚಿದ ಕೋಲು ಅವಳ ಕೈಯಲ್ಲಿತ್ತು.

"ತಾಗ್ಯದ," ಎಂದರು ಜೋಶಿಯವರು. ಶಾಲು ತೆಗೆದು ಮಡಚಿ ವೀರಪ್ಪನವರ ಕೈಗೆ ಕೊಟ್ಟರು. "ಸುಚೀ, ಕೋಲು ಕೂಡಿಸು."

ಒಂಬತ್ತನೆಯ ಚೆಂಡು ಮತ್ತೆ ಮೇಜಿನ ಮೇಲೆ ಬಂತು. ಬಿಳಿ ಚೆಂಡನ್ನು ಬೇಕಾದಲ್ಲಿ ಇಟ್ಟುಕೊಳ್ಳುವ ಹಕ್ಕು ಈಗ ಸುಚೇತಾಳದು. ಅವಳು ಕೋಲು ಕೂಡಿಸಿ, ಒಮ್ಮೆ ಅಜ್ಜಿಯನ್ನು ನೋಡಿ, ಬಗ್ಗಿದಳು. ಎರಡೂ ಕೈಯಿಂದ ಮೂಗು ಹಿಡಿದುಕೊಂಡು ಕುಳಿತಿದ್ದ ಸಂಜೀವನೂ ಆ ಹೊಡೆತ ನೋಡಿದ. ಒಂಬತ್ತನೆಯದು ತೂತಿಗೆ ಹೋಯಿತು. ಬಿಳಿ ಚೆಂಡು ಎರಡು ಗೇಣು ಉರುಳಿ, ಅಜ್ಜಿ ಕುಳಿತ ಕಡೆಯ ಅಂಚಿಗೆ ಹೋಗಿ, ತಾಗದೆ ನಿಂತಿತು.

ಏಳು–ಸೊನ್ನೆ.

ಮೊದಲು ಚಪ್ಪಾಳೆ ತಟ್ಟಿದವಳು ರಾಚವ್ವ. "ಲಟ್ಟಣಿಗಿ ಕೈ ನೋಡ್ರಿ ಜೋಶಿಯವರ, ಹೆಂಗ ಲಟಿಸಿತು ನಿಮ್ಮನ್ನ!" ಇಡೀ ಶೆಡ್ಡು ನಕ್ಕಿತು. ಜೋಶಿಯವರು ಮೈಕು ಇಸಿದುಕೊಂಡರು.

"ಮಾನ್ಯರೆ, ಸದರಿ ನಾನು ಆಟಗಾರ ಅಲ್ಲ. ಎಂದೂ ಆಡಿಲ್ಲ. ಬಸ್ಸಿನಾಗ ಕೇಳಿದಾಗ ಸುಮ್ಮನ ನಕ್ಕೆ, ಅದು ನನ್ನ ತಪ್ಪು. ಗಂಡಸರು ಹೆಚ್ಚು, ಹೆಂಗಸರು ಕಡಿಮಿ ಅಂತ ಬೇವಿನ ಗಿಡದ ಕೆಳಗ ಹೇಳಿದ ಹೇಳಿಕಿ ಬೇಷರತ್ ವಾಪಸ್ ತಗೊಂಡೇನಿ. ಈಕಿ ನನ್ನ ಮಗಳು. ನಾ ಈಕಿ ಪೆಟ್ಟಿಗಿ ಹೊರಾಂವ." ಅಷ್ಟು ಹೇಳಿ, ಕಣ್ಣು ಒರೆಸಿಕೊಂಡು ಕೂತುಬಿಟ್ಟರು.

ಮರುದಿನ ವೀರಪ್ಪನವರಿಗೆ ಜೋಶಿಯವರಿಂದ ಇನ್ನೊಂದು ಅರ್ಜಿ ಬಂತು. ತಾವು ಸದರಿ ಪಂದ್ಯದಲ್ಲಿ ಏಳು–ಸೊನ್ನೆ ಅಂತರದಿಂದ ಸೋತಿರುವುದಕ್ಕೆ ಸಹಿ ಮತ್ತು ಶಿಕ್ಕೆ ಸಹಿತ ಪ್ರಮಾಣಪತ್ರ ನೀಡಬೇಕು ಎಂದು. ಸೋತದ್ದಕ್ಕೆ ಪ್ರಮಾಣಪತ್ರ ಕೇಳಿದವನನ್ನು ವೀರಪ್ಪನವರು ಅಲ್ಲಿಯವರೆಗೆ ಕಂಡಿರಲಿಲ್ಲ. ಕೊಟ್ಟರು. ಜೋಶಿಯವರು ಅದಕ್ಕೆ ಲ್ಯಾಮಿನೇಶನ್ ಮಾಡಿಸಿ ಜೇಬಿನಲ್ಲಿ ಇಟ್ಟುಕೊಂಡರು.

ಮಗಳನ್ನು ಮುಂಬೈ ರೈಲಿಗೆ ಹತ್ತಿಸಲು ಬೆಳಗಾವಿಗೆ ಹೊರಟ ದಿನ ಕರಿ ಪೆಟ್ಟಿಗೆ ಮತ್ತೆ ಅವರ ತೊಡೆಯ ಮೇಲಿತ್ತು. ಸುಚೇತಾ ಕಿಟಕಿಯ ಪಕ್ಕ ನಿದ್ದೆ ಹೋಗಿದ್ದಳು. ನೇಸರಗಿಯಲ್ಲಿ ಹತ್ತಿದ ಹೊಸ ಮುಖವೊಂದು ಎದುರಿಗೆ ಕೂತು ಪೆಟ್ಟಿಗೆಯನ್ನೇ ನೋಡಿತು.

"ಏನ್ರಿ ಇದು?"

"ಪೂಲ್ ಆಡೂ ಕೋಲ್ರಿ."

"ನೀವು ಆಡ್ತೀರೇನ್ರಿ?"

"ಒಂದ ಸಲ ಆಡೇನ್ರಿ," ಎಂದು ಜೋಶಿಯವರು ಜೇಬಿಗೆ ಕೈ ಹಾಕಿದರು. "ಏಳು–ಸೊನ್ನಿ ಸೋತೇನಿ. ಯಾರ ಜೋಡಿ ಅಂತ ಕೇಳ್ರಲಾ!"